ಎಣಿಸಬಹುದಾದ ಸುಳಿಗಳು

ಲೋಟದ ಕಾಫಿಗೆ ಸಕ್ಕರೆ ಹಾಕಿ, ಚಮಚದಲ್ಲಿ ನಾಲ್ಕು ಸುತ್ತು ತಿರುಗಿಸಿ, ಚಮಚ ತೆಗೆದುಬಿಡಿ. ನಡುವೆ ಒಂದು ಸುಳಿ ಏಳುತ್ತದೆ. ಮೇಲಿನ ನೊರೆ ಕೆಲವು ಸುತ್ತು ಜೋರಾಗಿ ಹೋಗಿ, ಆಮೇಲೆ ನಿಧಾನವಾಗಿ, ಕೊನೆಗೆ ನಿಂತೇಬಿಡುತ್ತದೆ. ಹೆಚ್ಚೆಂದರೆ ಅರ್ಧ ನಿಮಿಷದ ಆಟ.

ಯಾಕೆ ನಿಂತಿತು? ಲೋಟದ ಗೋಡೆಗೆ ತಾಗಿರುವ ಕಾಫಿ ಅಲುಗುವುದಿಲ್ಲ. ಅದು ಪಕ್ಕದ ಪದರವನ್ನು ಹಿಡಿದು ಎಳೆಯುತ್ತದೆ. ಆ ಪದರ ಅದರ ಪಕ್ಕದ್ದನ್ನು ಎಳೆಯುತ್ತದೆ. ಪದರಗಳ ಈ ಜಗ್ಗಾಟಕ್ಕೆ ಶಾಲೆಯ ಪುಸ್ತಕದಲ್ಲಿ ಸ್ನಿಗ್ಧತೆ ಅಂತ ಹೆಸರು. ನಾವು ಸುಮ್ನೆ ಅಂಟುತನ ಅನ್ನೋಣ. ಜೇನುತುಪ್ಪಕ್ಕೆ ಜಾಸ್ತಿ, ನೀರಿಗೆ ಕಡಿಮೆ. ಆದರೆ ನಮಗೆ ಗೊತ್ತಿರುವ ಎಲ್ಲ ದ್ರವಕ್ಕೂ ಅದು ಇದ್ದೇ ಇದೆ.

ಈ ಕಾಫಿ ಸುಳಿಯ ಬಗ್ಗೆ ಇನ್ನೊಂದು ಮಾತು. ಚಮಚ ಸ್ವಲ್ಪ ಜೋರಾಗಿ ತಿರುಗಿಸಿದರೆ ಸುಳಿಯ ಬಲವೂ ಸ್ವಲ್ಪ ಜಾಸ್ತಿ. ಮೆಲ್ಲಗೆ ತಿರುಗಿಸಿದರೆ ಕಡಿಮೆ. ಎಷ್ಟು ಬೇಕಾದರೂ ಇರಬಹುದು. ಇದರಲ್ಲಿ ವಿಶೇಷ ಏನಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಇಲ್ಲಿ ಬೇರೆಯೇ ನಿಯಮ ಪಾಲಿಸುವ ಒಂದು ದ್ರವ ಇದೆ. ಅದರಲ್ಲಿ ಸುಳಿ ಅಂದರೆ ನಾಣ್ಯ ಇದ್ದ ಹಾಗೆ. ಎಲ್ಲವೂ ಒಂದೇ ಬೆಲೆಯವು. ಅರ್ಧ ನಾಣ್ಯ, ಮುಕ್ಕಾಲು ನಾಣ್ಯ ಅಂತ ಇಲ್ಲವೇ ಇಲ್ಲ. ಆ ಸುಳಿಗಳನ್ನು ಒಂದು, ಎರಡು, ಮೂರು ಅಂತ ಎಣಿಸಬಹುದು. ಎಣಿಸಿಯೂ ಇದ್ದಾರೆ.

ಆ ದ್ರವ ಹೀಲಿಯಂ. ಜಾತ್ರೆಯಲ್ಲಿ ಬಲೂನು ಮೇಲೆ ಹಾರಲಿ ಎಂದು ತುಂಬುತ್ತಾರಲ್ಲ, ಅದೇ ಅನಿಲ.

ಹೀಲಿಯಂ ಅನ್ನು ದ್ರವ ಮಾಡುವುದು ಸುಲಭವಾಗಿರಲಿಲ್ಲ. 1908ರ ಜುಲೈ 10ರಂದು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನೆಸ್ ಮೊದಲ ಸಲ ಅದನ್ನು ಸಾಧಿಸಿದರು. ಅದು ಕುದಿಯುವುದು 4.2 ಕೆಲ್ವಿನ್‌ನಲ್ಲಿ. ನಮ್ಮ ಲೆಕ್ಕದಲ್ಲಿ ಮೈನಸ್ 269 ಡಿಗ್ರಿ. ಇನ್ನೂ ತಣ್ಣಗೆ ಮಾಡಬೇಕಾದರೆ ಉಪಾಯ ನಮ್ಮ ಮಣ್ಣಿನ ಮಡಕೆಯದ್ದೇ. ಮಡಕೆಯ ಮೈಯಿಂದ ನೀರು ಆವಿಯಾಗುತ್ತಾ ಶಾಖವನ್ನೂ ಒಯ್ಯುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ಇಲ್ಲಿ ಪಂಪು ಹಚ್ಚಿ ಹೀಲಿಯಂನ ಆವಿಯನ್ನು ಹೊರಗೆ ಎಳೆಯುತ್ತಾರೆ, ಅಷ್ಟೇ.

ಪಂಪು ಓಡುತ್ತಿರುವಾಗ ಗಾಜಿನ ಪಾತ್ರೆಯೊಳಗೆ ದ್ರವ ಕೊತಕೊತ ಕುದಿಯುತ್ತಿರುತ್ತದೆ. ಗುಳ್ಳೆಗಳೋ ಗುಳ್ಳೆಗಳು. ತಾಪ ಇಳಿಯುತ್ತಾ 2.17 ಕೆಲ್ವಿನ್ ಮುಟ್ಟಿದ ಕ್ಷಣ ಎಲ್ಲ ಗುಳ್ಳೆಗಳೂ ಒಟ್ಟಿಗೆ ಮಾಯ. ದ್ರವ ಕನ್ನಡಿಯ ಹಾಗೆ ನಿಶ್ಚಲ. ಆವಿಯಾಗುವುದೇನೂ ನಿಂತಿಲ್ಲ. ಗುಳ್ಳೆ ಏಳಬೇಕಾದರೆ ತಳದಲ್ಲೆಲ್ಲೋ ಒಂದು ಕಡೆ ಸ್ವಲ್ಪ ಹೆಚ್ಚು ಬಿಸಿ ಸೇರಬೇಕು. ಈ ಹೊಸ ಸ್ಥಿತಿಯಲ್ಲಿ ಶಾಖ ಎಷ್ಟು ಬೇಗ ಹರಡುತ್ತದೆ ಎಂದರೆ, ಒಂದು ಜಾಗ ಇನ್ನೊಂದಕ್ಕಿಂತ ಬಿಸಿಯಾಗಲು ಪುರುಸೊತ್ತೇ ಸಿಗುವುದಿಲ್ಲ. ಹಾಗಾಗಿ ಮೇಲ್ಮೈಯಿಂದ ಮಾತ್ರ ಸದ್ದಿಲ್ಲದೆ ಆವಿಯಾಗುತ್ತದೆ. ಓನೆಸ್ ಮತ್ತು ಅವರ ನಂತರದವರು ಈ ತಾಪ ದಾಟಿ ಎಷ್ಟೋ ಸಲ ಕೆಳಗೆ ಹೋಗಿದ್ದರು. ಕಣ್ಣೆದುರಿಗೇ ಗುಳ್ಳೆ ನಿಲ್ಲುತ್ತಿತ್ತು. ಅದನ್ನು ಗಮನಿಸಿ ಬರೆದಿಡಲು 1932ರವರೆಗೆ ಕಾಯಬೇಕಾಯಿತು. ವಿಜ್ಞಾನದಲ್ಲೂ ಹೀಗೆ ಆಗುತ್ತದೆ. ನೋಡುವುದು ಬೇರೆ, ಕಾಣುವುದು ಬೇರೆ.

ನಿಜವಾದ ಆಘಾತ 1938ರ ಜನವರಿಯಲ್ಲಿ ಬಂತು. ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪುಟ್ಟ ಲೇಖನ. ಒಂದು ಮಾಸ್ಕೋದ ಪ್ಯೋತರ್ ಕಪಿತ್ಸಾ ಅವರದ್ದು. ಇನ್ನೊಂದು ಕೇಂಬ್ರಿಜ್‌ನ ಆಲನ್ ಮತ್ತು ಮೈಸ್ನರ್ ಅವರದ್ದು. ಇದರ ಹಿಂದೆ ಒಂದು ಕಥೆ ಇದೆ. ಕಪಿತ್ಸಾ ಮೊದಲು ಕೇಂಬ್ರಿಜ್‌ನಲ್ಲೇ ಇದ್ದವರು, ಅಲ್ಲಿ ತಮ್ಮದೇ ಪ್ರಯೋಗಾಲಯ ಕಟ್ಟಿದವರು. 1934ರಲ್ಲಿ ಊರಿಗೆಂದು ರಷ್ಯಾಕ್ಕೆ ಹೋದರು. ಸರ್ಕಾರ ವಾಪಸ್ ಬಿಡಲೇ ಇಲ್ಲ. ಅವರು ಬಿಟ್ಟುಹೋದ ಪ್ರಯೋಗಾಲಯದಲ್ಲಿ ಆಲನ್ ಕೆಲಸ ಮಾಡಿದರು. ಕಪಿತ್ಸಾ ಮಾಸ್ಕೋದಲ್ಲಿ ಹೊಸದಾಗಿ ಶುರು ಮಾಡಿದರು. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬಂದು ಮುಟ್ಟಿದ್ದು ಒಂದೇ ಜಾಗಕ್ಕೆ: 2.17ರ ಕೆಳಗೆ ಹೀಲಿಯಂ ಎಂಥ ಸಣ್ಣ ಸಂದಿನಲ್ಲೂ ತಡೆಯೇ ಇಲ್ಲದೆ ಹರಿಯುತ್ತದೆ. ಕಪಿತ್ಸಾ ನುಣುಪಾದ ಎರಡು ಬಿಲ್ಲೆಗಳ ನಡುವೆ ಅರ್ಧ ಮೈಕ್ರಾನ್ ಸಂದಿನಲ್ಲಿ ಹರಿಸಿದರು. ನಮ್ಮ ಕೂದಲು ಅದಕ್ಕಿಂತ ನೂರು ಪಟ್ಟಿಗೂ ಜಾಸ್ತಿ ದಪ್ಪ. ಈ ದ್ರವಕ್ಕೆ ಸೂಪರ್‌ಫ್ಲೂಯಿಡ್ ಎಂಬ ಹೆಸರಿಟ್ಟವರೂ ಅವರೇ. ಕನ್ನಡದಲ್ಲಿ ಅತಿದ್ರವ ಅನ್ನಬಹುದು.

ಅದರ ಚೇಷ್ಟೆಗಳು ಒಂದೆರಡಲ್ಲ. ಬಟ್ಟಲಲ್ಲಿ ತುಂಬಿ ಎತ್ತಿ ಹಿಡಿದರೆ, ತೆಳ್ಳಗಿನ ಪದರವಾಗಿ ಬಟ್ಟಲಿನ ಒಳಗೋಡೆ ಹತ್ತಿ, ಅಂಚು ದಾಟಿ, ಹೊರಗೋಡೆಯಲ್ಲಿ ಇಳಿದು ಕೆಳಗೆ ತೊಟ್ಟಿಕ್ಕುತ್ತದೆ. ಬಟ್ಟಲು ಖಾಲಿಯಾಗುವವರೆಗೂ ಬಿಡುವುದಿಲ್ಲ. ಸಣ್ಣ ಪುಡಿ ಒತ್ತಿ ತುಂಬಿದ ನಳಿಕೆಯನ್ನು ಇದರಲ್ಲಿ ಮುಳುಗಿಸಿ ಟಾರ್ಚ್ ಬೆಳಕು ಬಿಟ್ಟರೆ, ಆ ಚೂರು ಬಿಸಿಗೇ ನಳಿಕೆಯ ಬಾಯಿಂದ ಕಾರಂಜಿ ಚಿಮ್ಮುತ್ತದೆ. ಆಲನ್ ಇದನ್ನು 1938ರಲ್ಲೇ ಕಂಡರು.

ಆದರೆ ಒಂದು ಗೊಂದಲ ಉಳಿದಿತ್ತು. ಸಂದಿನಲ್ಲಿ ಹರಿಸಿ ಅಳೆದರೆ ಅಂಟುತನ ಸೊನ್ನೆ. ಅದೇ ದ್ರವದಲ್ಲಿ ಒಂದು ಬಿಲ್ಲೆಯನ್ನು ನೇತುಹಾಕಿ ಆಚೆ ಈಚೆ ತಿರುಚಿ ಅಳೆದರೆ ಸೊನ್ನೆ ಅಲ್ಲ! ಎರಡೂ ಸರಿಯಾದ ಅಳತೆಯೇ. ಇದನ್ನು ಬಿಡಿಸಿದ ಯೋಚನೆ ಲಾಸ್ಲೊ ಟಿಸಾ ಎಂಬ ವಿಜ್ಞಾನಿಯಿಂದ ಶುರುವಾಯಿತು. ಅದಕ್ಕೆ 1941ರಲ್ಲಿ ಗಟ್ಟಿ ರೂಪ ಕೊಟ್ಟವರು ಲೆವ್ ಲಂಡಾವ್. ಇದಕ್ಕೂ ಎರಡು ವರ್ಷ ಮೊದಲು ಲಂಡಾವ್ ಸ್ಟಾಲಿನ್‌ನ ಜೈಲಿನಲ್ಲಿದ್ದರು. ಕಪಿತ್ಸಾ ತಾವೇ ಜಾಮೀನು ನಿಂತು ಬಿಡಿಸಿಕೊಂಡು ಬಂದಿದ್ದರು.

ಯೋಚನೆ ಏನೆಂದರೆ, ಈ ದ್ರವ ಎರಡು ದ್ರವಗಳು ಬೆರೆತ ಹಾಗೆ ನಡೆದುಕೊಳ್ಳುತ್ತದೆ. ಒಂದು ಮಾಮೂಲಿ, ಅಂಟುತನ ಇರುವುದು. ಇನ್ನೊಂದು ಅತಿದ್ರವ, ಅಂಟುತನ ಇಲ್ಲದ್ದು. ಸಣ್ಣ ಸಂದಿನಲ್ಲಿ ಮಾಮೂಲಿ ಭಾಗ ಸಿಕ್ಕಿಕೊಳ್ಳುತ್ತದೆ, ಅತಿದ್ರವ ನುಸುಳಿಹೋಗುತ್ತದೆ. ಬಿಲ್ಲೆ ತಿರುಚಿದಾಗ ಅದಕ್ಕೆ ತಾಗುವುದು ಮಾಮೂಲಿ ಭಾಗ. ಹಾಲು-ನೀರಿನ ಹಾಗೆ ಬೇರೆ ಮಾಡಿ ಎರಡು ಲೋಟಕ್ಕೆ ಹಾಕಲು ಬರುವುದಿಲ್ಲ, ಅದು ನೆನಪಿರಲಿ. ಜಾರ್ಜಿಯಾದ ಆಂಡ್ರೊನಿಕಶ್ವಿಲಿ 1946ರಲ್ಲಿ ತೆಳು ಬಿಲ್ಲೆಗಳ ಒಂದು ಸಾಲನ್ನೇ ಮುಳುಗಿಸಿ ತಿರುಚಿ, ಯಾವ ತಾಪದಲ್ಲಿ ಮಾಮೂಲಿ ಭಾಗ ಎಷ್ಟು ಎಂದು ಅಳೆದರು. 2.17ರಲ್ಲಿ ಪೂರ್ತಿ ಮಾಮೂಲಿ. 1 ಕೆಲ್ವಿನ್‌ಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಪೂರ್ತಿ ಅತಿದ್ರವ.

ಅತಿದ್ರವ ಅಂದರೆ ಒಳಗೆ ಏನು? ಇಲ್ಲಿ ನಮ್ಮ ಪಕ್ಕದ ಢಾಕಾ ಬರುತ್ತದೆ. ಅಲ್ಲಿ ಪಾಠ ಮಾಡುತ್ತಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಬೆಳಕಿನ ಕಣಗಳನ್ನು ಲೆಕ್ಕ ಹಾಕುವ ಹೊಸ ರೀತಿಯೊಂದನ್ನು ಐನ್‌ಸ್ಟೈನ್‌ಗೆ ಬರೆದು ಕಳಿಸಿದರು. ಐನ್‌ಸ್ಟೈನ್ ಅದನ್ನು ಪರಮಾಣುಗಳಿಗೂ ಹಚ್ಚಿ, ತುಂಬಾ ತಣ್ಣಗೆ ಮಾಡಿದರೆ ಅಪಾರ ಪರಮಾಣುಗಳು ಒಂದೇ ಸ್ಥಿತಿಗೆ ಬಂದು ಸೇರುತ್ತವೆ ಎಂದರು. ಫ್ರಿಟ್ಸ್ ಲಂಡನ್ 1938ರಲ್ಲಿ ಈ ಲೆಕ್ಕವನ್ನು ಹೀಲಿಯಂಗೆ ಹಾಕಿ ನೋಡಿದರು. ಬಂದ ಉತ್ತರ 3.1 ಕೆಲ್ವಿನ್. ನಿಜವಾದದ್ದು 2.17. ಪರಮಾಣುಗಳು ಒಂದನ್ನೊಂದು ತಳ್ಳುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇಷ್ಟು ಹತ್ತಿರ ಬಂದದ್ದು ದೊಡ್ಡದೇ.

ಡೊಳ್ಳು ಕುಣಿತ ನೋಡಿದ್ದೀರಲ್ಲ. ತಾಳ ಕೂಡಿದ ಮೇಲೆ ಇಪ್ಪತ್ತು ಜನ ಒಂದೇ ಮೈಯಾಗುತ್ತಾರೆ. ಒಬ್ಬರನ್ನು ಮಾತ್ರ ಎಳೆದು ಹೊರಗೆ ಹಾಕುವುದು ಕಷ್ಟ. ಹೀಲಿಯಂ ಪರಮಾಣುಗಳು ಹಾಗೆ ಒಂದೇ ಕ್ವಾಂಟಮ್ ಅಲೆಯಾಗಿ ಸಾಗುತ್ತವೆ. ಗೋಡೆ ಉಜ್ಜಿ ಒಂದು ಪರಮಾಣುವನ್ನು ದಾರಿ ತಪ್ಪಿಸಲು ಒಂದಿಷ್ಟು ಶಕ್ತಿ ಬೇಕೇ ಬೇಕು. ಹರಿವು ನಿಧಾನವಿದ್ದಾಗ ಅಷ್ಟು ಶಕ್ತಿ ಎಲ್ಲಿಂದಲೂ ಹುಟ್ಟುವುದಿಲ್ಲ. ಉಜ್ಜಾಟವೇ ಇಲ್ಲದ ಮೇಲೆ ಅಂಟುತನ ಎಲ್ಲಿಂದ?

ಈಗ ಸುಳಿಗೆ ಬರೋಣ. ಹೀಲಿಯಂ ತುಂಬಿದ ಬಕೆಟ್ಟನ್ನು ಗಿರಗಿರ ತಿರುಗಿಸಿದರೆ ಏನಾಗಬೇಕು? ನೀರಾದರೆ ಬಕೆಟ್ಟಿನ ಜತೆ ತಿರುಗಿ, ನಡುವೆ ತಗ್ಗಾಗಿ ಬೋಗುಣಿಯ ಆಕಾರ ತಾಳುತ್ತದೆ. ಗೋಡೆ ಎಳೆಯುವುದಿಲ್ಲ ಎಂದಮೇಲೆ ಅತಿದ್ರವ ಸುಮ್ನೆ ನಿಂತಿರಬೇಕು. ಲಂಡಾವ್ ಹೇಳಿದ್ದೂ ಅದೇ. ಅತಿದ್ರವದ ಭಾಗ ತಿರುಗದೆ ಇದ್ದರೆ ನಡುವಿನ ತಗ್ಗು ಕಡಿಮೆ ಇರಬೇಕು. ಕೇಂಬ್ರಿಜ್‌ನ ಆಸ್ಬೋರ್ನ್ 1950ರಲ್ಲಿ ತಿರುಗಿಸಿ ನೋಡಿದರು. ತಗ್ಗು ಮಾಮೂಲಿ ದ್ರವದಷ್ಟೇ ಇತ್ತು! ಸಿದ್ಧಾಂತ ತಿರುಗಬಾರದು ಎನ್ನುತ್ತಿದೆ, ಬಕೆಟ್ ತಿರುಗುತ್ತಿದೆ ಎನ್ನುತ್ತಿದೆ.

ಉತ್ತರ ಆಗಲೇ ಒಬ್ಬರ ಬಾಯಿಂದ ಬಂದಿತ್ತು. 1949ರಲ್ಲಿ ಫ್ಲಾರೆನ್ಸ್‌ನ ಒಂದು ಸಮ್ಮೇಳನದಲ್ಲಿ, ಬೇರೆಯವರ ಭಾಷಣದ ಮೇಲಿನ ಚರ್ಚೆಯ ನಡುವೆ, ಲಾರ್ಸ್ ಓನ್ಸಾಗರ್ ಅದನ್ನು ಹೇಳಿ ಕೂತಿದ್ದರು. ಯಾರ ಕಿವಿಗೂ ಸರಿಯಾಗಿ ಬಿದ್ದಂತಿಲ್ಲ. 1955ರಲ್ಲಿ ರಿಚರ್ಡ್ ಫೈನ್‌ಮನ್ ತಾವೇ ಯೋಚಿಸಿ ಅದೇ ಜಾಗ ಮುಟ್ಟಿ, ಬಿಡಿಸಿ ಬರೆದರು.

ಅದನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು. ಮೇಲುಕೋಟೆಯ ಕಲ್ಯಾಣಿಯಂಥ ಒಂದು ಕೊಳ. ಸುತ್ತ ಮೆಟ್ಟಿಲ ಮೇಲೆ ಸಾಲಾಗಿ ಗೋಡೆ ಗಡಿಯಾರಗಳನ್ನು ಇಟ್ಟಿದ್ದೇವೆ ಅಂದುಕೊಳ್ಳಿ. ಪ್ರತಿ ಗಡಿಯಾರ ಆ ಜಾಗದಲ್ಲಿ ಕ್ವಾಂಟಮ್ ಅಲೆ ಯಾವ ಹಂತದಲ್ಲಿದೆ ಎಂದು ತೋರಿಸುತ್ತದೆ. ಅಕ್ಕಪಕ್ಕದ ಗಡಿಯಾರಗಳಲ್ಲಿ ಒಂದೇ ಹೊತ್ತು ಇದ್ದರೆ ದ್ರವ ನಿಂತಿದೆ ಎಂದರ್ಥ. ಪಕ್ಕದ್ದು ಐದು ನಿಮಿಷ ಮುಂದೆ, ಅದರ ಪಕ್ಕದ್ದು ಇನ್ನೈದು ನಿಮಿಷ ಮುಂದೆ ಇದ್ದರೆ ದ್ರವ ಹರಿಯುತ್ತಿದೆ. ವ್ಯತ್ಯಾಸ ಹೆಚ್ಚಾದಷ್ಟೂ ಹರಿವು ಜೋರು.

ಈಗ ಕೊಳವನ್ನು ಒಂದು ಸುತ್ತು ಹಾಕಿ. ಹೊರಟ ಗಡಿಯಾರಕ್ಕೇ ವಾಪಸ್ ಬಂದಿರಿ. ಅದರಲ್ಲಿ ಎರಡು ಬೇರೆ ಬೇರೆ ಹೊತ್ತು ಇರಲು ಸಾಧ್ಯವೇ? ಇಲ್ಲ. ಅಂದರೆ ದಾರಿಯುದ್ದಕ್ಕೂ ಸೇರಿದ ಒಟ್ಟು ವ್ಯತ್ಯಾಸ ಸೊನ್ನೆ ಆಗಿರಬೇಕು, ಇಲ್ಲವೇ ಸರಿಯಾಗಿ 12 ಗಂಟೆ, ಇಲ್ಲವೇ 24 ಗಂಟೆ. ಏಳು ಗಂಟೆ ಆಗುವ ಹಾಗೇ ಇಲ್ಲ. ಆದ್ದರಿಂದ ಸುತ್ತುವ ಹರಿವಿನ ಬಲವೂ ಬೇಕಾದಷ್ಟು ಇರುವಂತಿಲ್ಲ. ಒಂದು ಪಾಲು, ಎರಡು ಪಾಲು, ಮೂರು ಪಾಲು. ಆ ಒಂದು ಪಾಲಿನ ಬೆಲೆ, ಕ್ವಾಂಟಮ್ ಲೆಕ್ಕಗಳಲ್ಲೆಲ್ಲ ಬರುವ ಪ್ಲಾಂಕ್ ಸ್ಥಿರಾಂಕ ಎಂಬ ಸಂಖ್ಯೆಯನ್ನು ಒಂದು ಹೀಲಿಯಂ ಪರಮಾಣುವಿನ ತೂಕದಿಂದ ಭಾಗಿಸಿದಷ್ಟು. ಇಡೀ ಬಕೆಟ್ಟಿನ ನಡವಳಿಕೆಯನ್ನು ತೀರ್ಮಾನಿಸುವುದು ಒಂದೇ ಒಂದು ಪರಮಾಣುವಿನ ತೂಕ! ಕ್ವಾಂಟಮ್ ವಿಜ್ಞಾನ ಪರಮಾಣುವಿನೊಳಗಿನ ಸಮಾಚಾರ ಎಂದುಕೊಂಡವರಿಗೆ ನಾನು ಮೊದಲು ಹೇಳುವುದು ಈ ಲೆಕ್ಕವನ್ನೇ.

ಎರಡು ಪಾಲಿನ ಒಂದು ದಪ್ಪ ಸುಳಿ ಯಾಕೆ ಇರಬಾರದು? ದುಬಾರಿ. ಸುಳಿಯ ಶಕ್ತಿ ಬಲದ ವರ್ಗದಂತೆ ಏರುತ್ತದೆ. ಎರಡು ಪಾಲಿನ ಒಂದು ಸುಳಿಗೆ ನಾಲ್ಕು ರೂಪಾಯಿ ಖರ್ಚಾದರೆ, ಒಂದೊಂದು ಪಾಲಿನ ಎರಡು ಸುಳಿಗೆ ಎರಡೇ ರೂಪಾಯಿ. ಹಾಗಾಗಿ ದಪ್ಪ ಸುಳಿ ಒಡೆದು ಬಿಡಿ ಸುಳಿಗಳಾಗುತ್ತದೆ.

ಸುಳಿಯ ನಡುವಿಗೆ ಹೋದರೆ ಇನ್ನೂ ಮಜಾ. ಸುತ್ತು ಸಣ್ಣದಾದಷ್ಟೂ ಅದೇ 12 ಗಂಟೆಯನ್ನು ಕಡಿಮೆ ದಾರಿಯಲ್ಲಿ ಮುಗಿಸಬೇಕು. ಹರಿವು ಜೋರಾಗುತ್ತದೆ. ಒಂದು ಮಿಲಿಮೀಟರ್ ದೂರದಲ್ಲಿ ವೇಗ ಸೆಕೆಂಡಿಗೆ 0.016 ಮಿಲಿಮೀಟರ್, ಇರುವೆಗೂ ನಗು ಬರುವಷ್ಟು. ಒಂದು ಮೈಕ್ರಾನ್ ದೂರದಲ್ಲಿ ಸೆಕೆಂಡಿಗೆ 16 ಮಿಲಿಮೀಟರ್. ಒಂದು ಪರಮಾಣುವಿನಷ್ಟು ಹತ್ತಿರ ಹೋದರೆ ಸೆಕೆಂಡಿಗೆ ನೂರಾರು ಮೀಟರಿನ ಲೆಕ್ಕ. ಸರಿಯಾಗಿ ನಡುವೆ ಗಡಿಯಾರಕ್ಕೆ ಹೊತ್ತೇ ಇಲ್ಲ. ಅಲ್ಲಿ ಅತಿದ್ರವವೂ ಇಲ್ಲ. ಪರಮಾಣುವಿನ ಅಗಲದ ಒಂದು ತೂತು, ಬಕೆಟ್ಟಿನ ತಳದಿಂದ ಮೇಲಿನವರೆಗೆ ದಾರದಂತೆ ನಿಂತಿರುತ್ತದೆ.

ಬಕೆಟ್ಟಿನ ಒಗಟು ಬಿಡಿಸಿದ್ದು ಈ ದಾರಗಳೇ. ಅತಿದ್ರವ ಒಟ್ಟಾಗಿ ತಿರುಗಲಾರದು. ಆದರೆ ಸಾವಿರಾರು ಸಣ್ಣ ಸುಳಿಗಳನ್ನು ಒಳಗೆ ಬಿಟ್ಟುಕೊಂಡು ತಿರುಗಿದಂತೆ ನಟಿಸಬಲ್ಲದು. ಬಕೆಟ್ ನಿಮಿಷಕ್ಕೆ ಒಂದೇ ಸುತ್ತು ಸುತ್ತಿದರೂ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 210 ಸುಳಿ. ವೇಗ ಎರಡು ಪಟ್ಟಾದರೆ 420. ಅಷ್ಟು ಕರಾರುವಾಕ್ಕು.

ಲೆಕ್ಕ ಸರಿ, ನೋಡಿದವರು ಯಾರು? ಮೊದಲು ಕೇಂಬ್ರಿಜ್‌ನ ವೈನನ್, 1961ರಲ್ಲಿ. ಅವರು ಹೀಲಿಯಂ ನಳಿಕೆಯ ನಡುವೆ ಕೂದಲಿಗಿಂತ ಸಣ್ಣ ತಂತಿ ಬಿಗಿದು, ತಂಬೂರಿ ತಂತಿಯಂತೆ ಕಂಪಿಸುವ ಹಾಗೆ ಮಾಡಿದರು. ತಂತಿಯ ಸುತ್ತ ದ್ರವ ಸುತ್ತುತ್ತಿದ್ದರೆ ಕಂಪನದ ದಿಕ್ಕು ಮೆಲ್ಲಗೆ ತಿರುಗುತ್ತದೆ. ಎಷ್ಟು ಬೇಗ ತಿರುಗಿತು ಎಂಬುದರಿಂದ ಸುಳಿಯ ಬಲ ಸಿಗುತ್ತದೆ. ಸಿಕ್ಕಿದ್ದು ಒಂದು ಪಾಲು. 1979ರಲ್ಲಿ ಬರ್ಕ್ಲಿಯ ಪ್ಯಾಕರ್ಡ್ ತಂಡ ಸುಳಿಗಳಿಗೆ ಎಲೆಕ್ಟ್ರಾನ್ ಅಂಟಿಸಿ, ಅವು ಮೇಲ್ಮೈ ಮುಟ್ಟುವ ಚುಕ್ಕೆಗಳ ಫೋಟೊ ತೆಗೆಯಿತು. ಒಂದು ಸುಳಿ, ಎರಡು ಸುಳಿ, ಮೂರು, ನಾಲ್ಕು. ರಂಗೋಲಿ ಚುಕ್ಕಿ ಇಟ್ಟ ಹಾಗೆ ಅಂದವಾಗಿ ಕೂತಿದ್ದವು.

ಇಡೀ ದಾರ ಕಂಡದ್ದು 2006ರಲ್ಲಿ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. ಕೆಲಸ ಮಾಡಿದವರು ಬ್ಯೂಲಿ, ಲಾಥ್ರಪ್ ಮತ್ತು ನಮ್ಮ ಕೆ.ಆರ್. ಶ್ರೀನಿವಾಸನ್. ಶ್ರೀನಿವಾಸನ್ ಹುಟ್ಟಿದ್ದು ಕೋಲಾರದಲ್ಲಿ. ಬೆಂಗಳೂರಿನ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೊದ್ದಂ ನರಸಿಂಹ ಅವರ ಕೈಕೆಳಗೆ 1975ರಲ್ಲಿ ಪಿಎಚ್‌ಡಿ ಮಾಡಿದವರು. ಮಾಮೂಲಿ ಗಾಳಿ-ನೀರಿನ ಪ್ರಕ್ಷುಬ್ಧ ಹರಿವನ್ನು ಜೀವನವಿಡೀ ಅಭ್ಯಾಸ ಮಾಡಿದ ಮನುಷ್ಯ ಕ್ವಾಂಟಮ್ ದ್ರವಕ್ಕೆ ಕೈಹಾಕಿದ್ದು ಆಕಸ್ಮಿಕವಲ್ಲ. ಅದು ಯಾಕೆಂದು ಮುಂದೆ ಗೊತ್ತಾಗುತ್ತದೆ.

ಅವರ ಉಪಾಯ ಬಹಳ ಸರಳ. ಹೊಳೆಯ ಸುಳಿ ಎಲ್ಲಿದೆ ಎಂದು ತರಗೆಲೆ ತೋರಿಸುತ್ತದಲ್ಲ, ಹಾಗೆ. ಹೀಲಿಯಂ ಅನಿಲಕ್ಕೆ ಸ್ವಲ್ಪ ಹೈಡ್ರೋಜನ್ ಬೆರೆಸಿ ದ್ರವದೊಳಗೆ ಬಿಟ್ಟರು. ಆ ಚಳಿಗೆ ಹೈಡ್ರೋಜನ್ ಹೆಪ್ಪುಗಟ್ಟಿ ಮೈಕ್ರಾನ್ ಗಾತ್ರದ ಮಂಜಿನ ಕಣಗಳಾಯಿತು. ಲೇಸರ್ ಬೆಳಕಿನಲ್ಲಿ ನೋಡಿದರೆ 2.17ರ ಮೇಲೆ ಕಣಗಳು ದೂಳಿನಂತೆ ಹರಡಿಕೊಂಡಿದ್ದವು. ಕೆಳಗೆ ಇಳಿಸಿದ ಕೂಡಲೇ ಒಂದಿಷ್ಟು ಕಣಗಳು ಸಾಲುಗಟ್ಟಿದವು, ದಾರಕ್ಕೆ ಪೋಣಿಸಿದ ಮಲ್ಲಿಗೆ ಮೊಗ್ಗಿನಂತೆ. ಸುಳಿಯ ನಡುವೆ ಒತ್ತಡ ಕಡಿಮೆ. ಹತ್ತಿರ ಬಂದ ಕಣವನ್ನು ಅದು ಒಳಗೆಳೆದುಕೊಳ್ಳುತ್ತದೆ. ಪಾತ್ರೆಯನ್ನು ತಿರುಗಿಸಿದಾಗ ಸಾಲುಗಳು ನೆಟ್ಟಗೆ ನಿಂತವು. ಎಣಿಸಿದರೆ ಫೈನ್‌ಮನ್ ಲೆಕ್ಕಕ್ಕೆ ಹೊಂದಿತು.

ತಿರುಗಿಸುವ ಬದಲು ಕಲಕಿದರೆ? ಸುಳಿಗಳು ನೆಟ್ಟಗೆ ನಿಲ್ಲದೆ, ಬೆಕ್ಕಿನ ಕೈಗೆ ಸಿಕ್ಕ ಉಣ್ಣೆಯ ಉಂಡೆಯಂತೆ ಗೋಜಲಾಗುತ್ತವೆ. ಇದೇ ಕ್ವಾಂಟಮ್ ಪ್ರಕ್ಷುಬ್ಧತೆ. ಎರಡು ಸುಳಿ ಹತ್ತಿರ ಬಂದಾಗ ಅಡ್ಡಲಾಗಿ ತಾಗಿ, ಎರಡೂ ತುಂಡಾಗಿ, ತುದಿ ಅದಲುಬದಲಾಗಿ ಕೂಡಿಕೊಂಡು, ಕವಣೆ ಬಿಟ್ಟಂತೆ ದೂರ ಸಿಡಿಯುತ್ತವೆ. ಫೈನ್‌ಮನ್ ಇದನ್ನು 1955ರಲ್ಲೇ ಊಹಿಸಿ ಚಿತ್ರ ಬರೆದಿದ್ದರು. ಮೇರಿಲ್ಯಾಂಡ್ ತಂಡ 2008ರಲ್ಲಿ ಮಂಜಿನ ಕಣಗಳ ಚಲನೆಯಲ್ಲಿ ಇದನ್ನು ಹಿಡಿದು ತೋರಿಸಿತು. ಸಿಡಿಯುವ ಕ್ಷಣದಲ್ಲಿ ವೇಗ ಎಷ್ಟಿರುತ್ತದೆ ಎಂದರೆ, ನೀರಿನ ಪ್ರಕ್ಷುಬ್ಧ ಹರಿವಿನಲ್ಲಿ ಅಪರೂಪಕ್ಕೂ ಕಾಣದಂಥ ಅತಿ ವೇಗಗಳು ಇಲ್ಲಿ ಮತ್ತೆ ಮತ್ತೆ ಕಾಣುತ್ತವೆ.

ಆದರೂ ದೂರದಿಂದ ನೋಡಿದರೆ ನೀರಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ! ನೀರಿನಲ್ಲಿ ದೊಡ್ಡ ಸುಳಿ ಒಡೆದು ಸಣ್ಣದಾಗಿ, ಅದು ಇನ್ನೂ ಸಣ್ಣದಾಗಿ, ಕೊನೆಗೆ ಅಂಟುತನಕ್ಕೆ ಸಿಕ್ಕಿ ಶಾಖವಾಗುತ್ತದೆ. ಯಾವ ಗಾತ್ರದ ಸುಳಿಯಲ್ಲಿ ಎಷ್ಟು ಶಕ್ತಿ ಎಂಬುದಕ್ಕೆ ಕೊಲ್ಮೊಗೊರೊವ್ 1941ರಲ್ಲಿ ಒಂದು ನಿಯಮ ಕೊಟ್ಟರು. ಪ್ಯಾರಿಸ್‌ನಲ್ಲಿ ಮೌರೆ ಮತ್ತು ತಾಬ್ಲಿಂ 1998ರಲ್ಲಿ 1.4 ಕೆಲ್ವಿನ್‌ನ ಹೀಲಿಯಂ ಅನ್ನು ಎದುರುಬದುರು ತಿರುಗುವ ಎರಡು ಬಿಲ್ಲೆಗಳಿಂದ ಕಡೆದು ಅಳೆದರು. ಅದೇ ನಿಯಮ ಬಂತು. ತೆಂಗಿನ ನಾರನ್ನು ಹೊಸೆದರೆ ಹಗ್ಗವಾಗುತ್ತದೆ, ದೂರದಿಂದ ಹಗ್ಗವಷ್ಟೇ ಕಾಣುತ್ತದೆ. ಬಿಡಿ ಸುಳಿಗಳು ಹಾಗೇ ಗೊಂಚಲಾಗಿ ಹೊಸೆದುಕೊಂಡು ಮಾಮೂಲಿ ದಪ್ಪ ಸುಳಿಯಂತೆ ನಡೆದುಕೊಳ್ಳುತ್ತವೆ. ಶ್ರೀನಿವಾಸನ್ ಅಂಥವರಿಗೆ ಇದರಲ್ಲಿ ಆಸಕ್ತಿ ಬಂದದ್ದು ಇದಕ್ಕೇ. ನೀರಿನ ಸುಳಿಗೆ ಅಂಚು ಎಲ್ಲಿ ಅಂತ ಗೆರೆ ಹಾಕಲು ಬರುವುದಿಲ್ಲ. ಇಲ್ಲಿ ಪ್ರತಿ ಎಳೆಯನ್ನೂ ಬೆರಳಿಟ್ಟು ತೋರಿಸಬಹುದು. ನಮ್ಮ ವಿಜ್ಞಾನ ಸಂಸ್ಥೆಯಲ್ಲಿ ರಾಹುಲ್ ಪಂಡಿತ್ ಮತ್ತು ಸಂಗಡಿಗರು ಇದೇ ಗೋಜಲನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೋಡುವ ಕೆಲಸ ಮಾಡಿದ್ದಾರೆ.

ಮೊದಲ ಪ್ರಶ್ನೆ ಬಾಕಿ ಇದೆ. ಅಂಟುತನ ಇಲ್ಲದಿದ್ದರೆ ಸುಳಿ ಸಾಯುವುದು ಹೇಗೆ? ಸಾಯುತ್ತದೆ. ಎರಡು ದಾರ ತುಂಡಾಗಿ ಕೂಡಿಕೊಂಡಾಗ ಮೂಲೆ ಮೂಡುತ್ತದೆ. ಹಗ್ಗ ಝಾಡಿಸಿದಂತೆ ಆ ಮೂಲೆಯಿಂದ ದಾರದುದ್ದಕ್ಕೂ ಅಲೆಗಳು ಓಡುತ್ತವೆ. ಇವಕ್ಕೆ ಕೆಲ್ವಿನ್ ಅಲೆ ಎಂದು ಹೆಸರು. 2014ರಲ್ಲಿ ಇವನ್ನೂ ಮಂಜಿನ ಕಣಗಳಿಂದಲೇ ಕಂಡರು. ಅಲೆಯಿಂದ ಸಣ್ಣ ಅಲೆ, ಅದರಿಂದ ಇನ್ನೂ ಸಣ್ಣ ಅಲೆ ಹುಟ್ಟಿ, ಕೊನೆಗೆ ಶಕ್ತಿ ದ್ರವದೊಳಗೆ ಶಬ್ದವಾಗಿ ಹೊರಟುಹೋಗುತ್ತದೆ ಎಂಬುದು ಈಗಿನ ತಿಳಿವಳಿಕೆ. ಈ ಕೆಲ್ವಿನ್ ಸಾಹೇಬರೇ 1867ರಲ್ಲಿ, ಪ್ರಪಂಚದ ಪರಮಾಣುಗಳೆಲ್ಲ ಸಾಯದ, ಬಿಡಿಬಿಡಿಯಾದ ಸುಳಿಗಳು ಎಂದು ಹೇಳಿದ್ದರು. ಅದು ತಪ್ಪಾಯಿತು. ಬಿಡಿ ಸುಳಿಗಳು ಮಾತ್ರ ಹೀಲಿಯಂನೊಳಗೆ ಸಿಕ್ಕವು.

ಹೀಲಿಯಂನೊಳಗೆ ಮಾತ್ರವೂ ಅಲ್ಲ. ಸತ್ತ ದೊಡ್ಡ ನಕ್ಷತ್ರದ ತಿರುಳಾದ ನ್ಯೂಟ್ರಾನ್ ನಕ್ಷತ್ರದ ಒಳಗೂ ಅತಿದ್ರವ ಇದೆ ಎಂದು ವಿಜ್ಞಾನಿಗಳು ನಂಬುತ್ತಾರೆ, ಅಲ್ಲಿ ಅದು ನ್ಯೂಟ್ರಾನ್‌ಗಳದ್ದು. ವೇಲಾ ಎಂಬ ನಕ್ಷತ್ರ ಸೆಕೆಂಡಿಗೆ 11 ಸುತ್ತು ತಿರುಗುತ್ತದೆ. ಬಕೆಟ್ಟಿನದೇ ಲೆಕ್ಕ ಹಾಕಿದರೆ ಅದರೊಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 70,000 ಸುಳಿ ಇರಬೇಕು. ನಕ್ಷತ್ರದ ವೇಗ ನಿಧಾನಕ್ಕೆ ಇಳಿಯುತ್ತದೆ. ಇಳಿದಂತೆ ಸುಳಿಗಳೂ ಒಂದೊಂದಾಗಿ ಹೊರಗೆ ಹೋಗಬೇಕು. ಆದರೆ ಅವು ಗಟ್ಟಿ ತೊಗಟೆಯಲ್ಲಿ ಸಿಕ್ಕಿಕೊಂಡಿರುತ್ತವೆ. ತಾಳುವಷ್ಟು ತಾಳಿ, ಒಂದು ದಿನ ಅಪಾರ ಸುಳಿಗಳು ಒಟ್ಟಿಗೆ ಕಿತ್ತುಕೊಂಡು ಹೋಗುತ್ತವೆ. ಆಗ ತೊಗಟೆ ತಟ್ಟನೆ ಚೂರು ಜೋರಾಗಿ ತಿರುಗುತ್ತದೆ. ವೇಲಾದಲ್ಲಿ ಇಂಥ ಜಿಗಿತ 1969ರಲ್ಲಿ ಮೊದಲ ಸಲ ಕಂಡಿತು, ಆಮೇಲೆ ಹಲವು ಸಲ. 2016ರ ಡಿಸೆಂಬರ್ 12ರಂದು ಟಾಸ್ಮೇನಿಯಾದ ಒಂದು ರೇಡಿಯೋ ದೂರದರ್ಶಕ ಅದನ್ನೇ ನೋಡುತ್ತಾ ಕೂತಿದ್ದಾಗ ಜಿಗಿತ ನಡೆಯಿತು. ನಕ್ಷತ್ರದಿಂದ ಸೆಕೆಂಡಿಗೆ ಹನ್ನೊಂದರಂತೆ ಬರುತ್ತಿದ್ದ ರೇಡಿಯೋ ಮಿಡಿತಗಳಲ್ಲಿ ಒಂದು ಯಾಕೋ ಅಗಲವಾಗಿ ಬಂತು. ಅದರ ನಂತರದ್ದು ಬರಲೇ ಇಲ್ಲ.